ಬೇಲಿಯೇ ಹೊಲ ಮೇಯ್ದರೆ? ಕುಟುಂಬ ಟ್ರಸ್ಟುಗಳೂ ವಿಚ್ಛೇದನದ ಲೆಕ್ಕಾಚಾರವೂ

ನನ್ನ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಾಗ ಕೇಳುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಒಂದಾನೊಂದು ಕಾಲದಲ್ಲಿ ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳುತ್ತಿದ್ದವರು, ಆಮೇಲೆ ಸೈಟು ಎಲ್ಲಿ ಕೊಳ್ಳಬೇಕೆಂದೂ ಮಕ್ಕಳನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಬೇಕೆಂದೂ ಕೇಳತೊಡಗಿದರು. ಈಗ ಅವರಲ್ಲಿ ಹಲವರಿಗೆ ಐವತ್ತು ದಾಟಿದೆ. ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದಾರೆ. ಈಚೆಗೆ ಅವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿರುವ ಮಾತು 'ಫ್ಯಾಮಿಲಿ ಟ್ರಸ್ಟ್'. ಗಂಡುಮಕ್ಕಳನ್ನು ಹೆತ್ತವರು ಕೇಳುವುದು ಹೀಗೆ: "ಸಾರ್, ಆಸ್ತಿಯನ್ನೆಲ್ಲ ಒಂದು ಟ್ರಸ್ಟಿಗೆ ಹಾಕಿಬಿಟ್ಟರೆ ನಾಳೆ ಮಗನ ಮದುವೆ ಮುರಿದುಬಿದ್ದರೂ ಸೊಸೆಗೆ ಏನೂ ಹೋಗುವುದಿಲ್ಲವಂತೆ, ನಿಜವೇ?" ಹೆಣ್ಣುಮಕ್ಕಳನ್ನು ಹೆತ್ತವರು ಕೇಳುವುದು ಇನ್ನೊಂದು ಬಗೆ: "ಮಗಳಿಗೆ ಕೊಡುವುದನ್ನು ಟ್ರಸ್ಟಿನ ಮೂಲಕ ಕೊಟ್ಟರೆ ಅಳಿಯನ ಕೈಗೆ ಸಿಗುವುದಿಲ್ಲವಂತೆ, ಹೌದೇ?"

ಸಾಧನ ಒಂದೇ, ಅದನ್ನು ಹಿಡಿಯುವ ಕೈಗಳು ಎರಡು. ಮೂರು ದಶಕಗಳಿಗೂ ಮಿಕ್ಕಿ ಸಮಾಜ ವಿಜ್ಞಾನವನ್ನು ಪಾಠ ಹೇಳಿದವನು ನಾನು, ವಕೀಲನಲ್ಲ. ನಿವೃತ್ತಿಯ ಬಿಡುವಿನಲ್ಲಿ ಕಾಯಿದೆಗಳನ್ನೂ ತೀರ್ಪುಗಳನ್ನೂ ಓದುವ ಹವ್ಯಾಸ ಅಂಟಿಕೊಂಡಿದೆ, ಅಷ್ಟೆ. ಆದುದರಿಂದ ಇಲ್ಲಿ ಬರೆಯುವುದನ್ನು ಯಾರೂ ಕಾನೂನು ಸಲಹೆಯೆಂದು ಭಾವಿಸಬಾರದು. ಒಬ್ಬ ಮೇಷ್ಟರ ಅಭಿಪ್ರಾಯವೆಂದು ಓದಿದರೆ ಸಾಕು. ಆ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುರ್ಬಲರ ರಕ್ಷಣೆಗಾಗಿ ಮಾಡಿದ ಟ್ರಸ್ಟನ್ನು ವಿಚ್ಛೇದನದ ನ್ಯಾಯಾಲಯವೂ ಗೌರವಿಸಬೇಕು. ಆದರೆ ಟ್ರಸ್ಟು ಮಾಡಿದವನೇ ಅದರ ಹಿಡಿತವನ್ನೂ ಇಟ್ಟುಕೊಂಡು, ಫಲವನ್ನೂ ಉಣ್ಣುತ್ತ, ಹೆಂಡತಿಯ ಮುಂದೆ ಮಾತ್ರ "ಇದು ನನ್ನದಲ್ಲ" ಎನ್ನುವುದಾದರೆ, ಆ ಮಾತನ್ನು ನ್ಯಾಯಾಲಯ ನಂಬಬೇಕಾಗಿಲ್ಲ.

ಮೊದಲು ಟ್ರಸ್ಟು ಎಂದರೇನು ಎಂಬುದನ್ನು ತರಗತಿಯಲ್ಲಿ ಹೇಳುವಂತೆ ಹೇಳುತ್ತೇನೆ. ಮಲೆನಾಡಿನಲ್ಲಿ ಒಬ್ಬ ಯಜಮಾನನಿಗೆ ನಾಲ್ಕು ಎಕರೆ ಅಡಿಕೆ ತೋಟವಿದೆ ಎಂದಿಟ್ಟುಕೊಳ್ಳಿ. ಅವನ ಒಬ್ಬ ಮಗನಿಗೆ ಹುಟ್ಟಿನಿಂದಲೇ ಬುದ್ಧಿ ಬೆಳೆದಿಲ್ಲ. ತನ್ನ ಕಾಲಾನಂತರ ಆ ಮಗನ ಗತಿ ಏನೆಂಬ ಚಿಂತೆಯಿಂದ ಆತ ತೋಟವನ್ನು ತನ್ನ ನಂಬಿಕೆಯ ತಮ್ಮನಿಗೆ ಒಪ್ಪಿಸಿ, "ಇದರ ಹುಟ್ಟುವಳಿಯಿಂದ ನನ್ನ ಮಗನನ್ನು ನೋಡಿಕೊ" ಎಂದು ಪತ್ರ ಬರೆದು ನೋಂದಣಿ ಮಾಡಿಸುತ್ತಾನೆ. ಇಲ್ಲಿ ಮೂವರಿದ್ದಾರೆ: ಕೊಟ್ಟವನು, ನೋಡಿಕೊಳ್ಳುವವನು, ಉಣ್ಣುವವನು. ಟ್ರಸ್ಟು ಮಾಡಿದವನು, ಟ್ರಸ್ಟಿ, ಫಲಾನುಭವಿ ಎಂದು ಇವರನ್ನು ಕರೆಯುತ್ತಾರೆ. ತೋಟದ ಕಾಗದಪತ್ರ ತಮ್ಮನ ಹೆಸರಿಗೆ ಬಂದರೂ ಅದರ ಒಂದು ಗೊನೆಯೂ ಅವನ ಸ್ವಂತಕ್ಕಲ್ಲ. ಟ್ರಸ್ಟಿಯು ತನ್ನ ಸ್ವಂತ ಆಸ್ತಿಯನ್ನು ವಿವೇಕಿಯೊಬ್ಬ ನೋಡಿಕೊಳ್ಳುವಷ್ಟೇ ಎಚ್ಚರದಿಂದ ಟ್ರಸ್ಟಿನ ಆಸ್ತಿಯನ್ನು ನೋಡಿಕೊಳ್ಳಬೇಕು, ಅದರಿಂದ ಸ್ವಂತ ಲಾಭ ಮಾಡಿಕೊಳ್ಳಕೂಡದು ಎಂದು 1882ರ ಭಾರತೀಯ ಟ್ರಸ್ಟುಗಳ ಕಾಯಿದೆ ವಿಧಿಸುತ್ತದೆ. ನಂಬಿಕೆಯೇ ಇದರ ಬಂಡವಾಳ. ಹೆಸರೇ ಅದನ್ನು ಹೇಳುತ್ತದೆ.

ತೊಡಕು ಶುರುವಾಗುವುದು ಈ ಮೂರು ಪಾತ್ರಗಳು ಕಲಸಿಹೋದಾಗ. ಕೊಟ್ಟವನೇ ಟ್ರಸ್ಟಿಯೂ ಆಗಬಹುದು, ಫಲಾನುಭವಿಗಳಲ್ಲಿ ಒಬ್ಬನೂ ಆಗಬಹುದು. ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಪತ್ರದಲ್ಲಿ ಬರೆಯದೆ ಟ್ರಸ್ಟಿಯ ವಿವೇಚನೆಗೆ ಬಿಡಬಹುದು. ಟ್ರಸ್ಟಿಗಳನ್ನು ತೆಗೆದುಹಾಕುವ, ಹೊಸಬರನ್ನು ನೇಮಿಸುವ ಅಧಿಕಾರವನ್ನೂ ತನ್ನಲ್ಲೇ ಉಳಿಸಿಕೊಳ್ಳಬಹುದು. ಕಾಗದದ ಮೇಲೆ ಆಸ್ತಿ ಅವನದಲ್ಲ. ಆದರೆ ಅವನ ಮಾತಿಲ್ಲದೆ ಅಲ್ಲಿ ಹುಲ್ಲುಕಡ್ಡಿಯೂ ಅಲುಗದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮ್ಮ ಹಿರಿಯರು ಇಂಥದನ್ನು ಕಂಡೇ ಹೇಳಿದ್ದಿರಬೇಕು.

ಈ ಟ್ರಸ್ಟು ಎಂಬ ಏರ್ಪಾಟಿನ ಚರಿತ್ರೆಯಲ್ಲಿ ಒಂದು ವಿಪರ್ಯಾಸವಿದೆ. ಇಂಗ್ಲೆಂಡಿನ ಹಳೆಯ ಕಾನೂನಿನ ಪ್ರಕಾರ ಹೆಣ್ಣು ಮದುವೆಯಾದೊಡನೆ ಆಕೆಯ ಹಣ, ಒಡವೆ ಮುಂತಾದ ಚರಾಸ್ತಿಯೆಲ್ಲ ಗಂಡನದಾಗುತ್ತಿತ್ತು. ಭೂಮಿಯ ಮೇಲಿನ ಹತೋಟಿಯೂ ಅವನದೇ. ಮಗಳಿಗೆ ಕೊಟ್ಟದ್ದನ್ನು ಅಳಿಯ ಕುಡಿದೋ ಜೂಜಾಡಿಯೋ ಕಳೆದರೆ ಕೇಳುವವರಿರಲಿಲ್ಲ. ಆದುದರಿಂದ ಅಲ್ಲಿನ ಶ್ರೀಮಂತ ತಂದೆಯರು ಮಗಳ ಪಾಲನ್ನು ಟ್ರಸ್ಟಿಗಳ ಕೈಗೆ ಒಪ್ಪಿಸಿ, "ಇದು ಅವಳ ಪ್ರತ್ಯೇಕ ಉಪಯೋಗಕ್ಕೆ" ಎಂದು ಬರೆಸುವ ಪದ್ಧತಿ ಬೆಳೆಯಿತು. ಅಂದರೆ ಮದುವೆಯಾದ ಹೆಣ್ಣಿನ ಪಾಲಿಗೆ ಟ್ರಸ್ಟು ಗಂಡನಿಂದ ರಕ್ಷಿಸುವ ಬೇಲಿಯಾಗಿತ್ತು. 1882ರ ವಿವಾಹಿತ ಸ್ತ್ರೀಯರ ಸ್ವತ್ತು ಕಾಯಿದೆ ಬಂದ ಮೇಲೆ ಅಲ್ಲಿನ ಹೆಣ್ಣುಮಕ್ಕಳಿಗೆ ತಮ್ಮ ಆಸ್ತಿಯನ್ನು ತಾವೇ ಇಟ್ಟುಕೊಳ್ಳುವ ಹಕ್ಕು ಪೂರ್ಣವಾಗಿ ದೊರೆಯಿತು. ಅದೇ 1882ರಲ್ಲಿ ನಮ್ಮ ದೇಶದಲ್ಲಿ ಟ್ರಸ್ಟುಗಳ ಕಾಯಿದೆಯೂ ಸ್ವತ್ತು ವರ್ಗಾವಣೆ ಕಾಯಿದೆಯೂ ಬಂದವು. ಅಂದು ಹೆಂಡತಿಯನ್ನು ಕಾಯಲೆಂದು ಬಳಸಿದ ಸಾಧನವೇ ಇಂದು ಆಕೆಯನ್ನು ಬರಿಗೈಯಲ್ಲಿ ಕಳುಹಿಸಲು ಬಳಕೆಯಾಗುತ್ತಿರುವುದು ವಿಷಾದದ ಸಂಗತಿ.

ನಮ್ಮಲ್ಲಿ ಹೆಣ್ಣಿನ ಆಸ್ತಿಯ ವಿಚಾರ ಅಷ್ಟು ಬರಡಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿದ. ಉಡುಗೊರೆಯಾಗಿ ಬಂದದ್ದು ಮಾತ್ರವಲ್ಲದೆ ವಾರಸಿಕೆ, ಖರೀದಿ, ವಿಭಾಗ ಮುಂತಾದುವುಗಳಿಂದ ಬಂದದ್ದೂ ಸ್ತ್ರೀಧನವೇ ಎಂದ. ನಮ್ಮ ಕನ್ನಡ ನೆಲದಲ್ಲಿ ಕುಳಿತು ಬರೆದ ಮಾತು ಇದು. ಮುಂದೆ ನ್ಯಾಯಾಲಯಗಳು ಆ ಅರ್ಥವನ್ನು ಮೊಟಕುಗೊಳಿಸಿದವೆಂಬುದು ಬೇರೆ ಮಾತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣಿನ ಕೈಗೆ ಬಂದ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂದಿತು. ಹೆಂಡತಿಯ ಸ್ತ್ರೀಧನವನ್ನು ಗಂಡನ ಮನೆಯವರು ಹಿಂದಿರುಗಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾದೀತೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು.

ಇದೆಲ್ಲ ಆಕೆ ತಂದದ್ದರ, ಆಕೆಗೆ ಬಂದದ್ದರ ಮಾತಾಯಿತು. ಇಬ್ಬರೂ ಕೂಡಿ ಬಾಳಿದ ಕಾಲದಲ್ಲಿ ಬೆಳೆದ ಆಸ್ತಿಯ ಮಾತೇನು? ಇಲ್ಲಿ ನಮ್ಮ ಕಾನೂನು ಬಹುಮಟ್ಟಿಗೆ ಮೌನವಾಗಿದೆ. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬರುತ್ತದೆಂದು ನಂಬಿದವರು ಬಹಳ ಮಂದಿ. ಸಿನಿಮಾ ನೋಡಿ ಬಂದ ನಂಬಿಕೆ ಅದು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಅಂಥ ಪಾಲಿನ ಹಕ್ಕೇ ಇಲ್ಲ. 24ನೆಯ ಕಲಮು ದಾವೆ ನಡೆಯುವಾಗಿನ ಜೀವನಾಂಶವನ್ನೂ 25ನೆಯ ಕಲಮು ಶಾಶ್ವತ ಜೀವನಾಂಶವನ್ನೂ ಹೇಳುತ್ತವೆ. 27ನೆಯ ಕಲಮು ಮದುವೆಯ ಸಮಯದಲ್ಲಿ ಕೊಟ್ಟ, ಇಬ್ಬರಿಗೂ ಸೇರಿದ ವಸ್ತುಗಳ ವಿಲೇವಾರಿಯನ್ನು ಹೇಳುತ್ತದೆ. ಮನೆ, ಸೈಟು, ತೋಟಗಳು ಯಾರ ಹೆಸರಿನಲ್ಲಿವೆಯೋ ಅವರವು. ಗೋವಾ ರಾಜ್ಯ ಮಾತ್ರ ಇದಕ್ಕೆ ಅಪವಾದ. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯ ಬಳುವಳಿಯಾಗಿ, ಮದುವೆಗೆ ಮುನ್ನ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಅಲ್ಲಿ ಗಂಡಹೆಂಡಿರ ಆಸ್ತಿ ಇಬ್ಬರದೂ ಆಗುತ್ತದೆ. ಕಾರವಾರ ದಾಟಿ ಆಚೆ ಹೋದರೆ ಇರುವ ನಿಯಮ ಈಚೆ ಇಲ್ಲ.

ಹೀಗಿರುವಾಗ ಟ್ರಸ್ಟು ಮಾಡುವ ಅಗತ್ಯವಾದರೂ ಏನು ಎಂದು ಕೇಳಬಹುದು. ಉತ್ತರ 25ನೆಯ ಕಲಮಿನಲ್ಲೇ ಇದೆ. ಜೀವನಾಂಶವನ್ನು ಗೊತ್ತುಮಾಡುವಾಗ ನ್ಯಾಯಾಲಯ ಎದುರಾಳಿಯ ಆದಾಯವನ್ನೂ ಇತರ ಆಸ್ತಿಯನ್ನೂ ನೋಡಬೇಕು. ಆ ಹಣ ತಪ್ಪದೆ ಬರುವಂತೆ ಎದುರಾಳಿಯ ಸ್ಥಿರಾಸ್ತಿಯ ಮೇಲೆ ಋಣಭಾರವನ್ನೂ ಹೊರಿಸಬಹುದು. ಈಗ ಯೋಚಿಸಿ ನೋಡಿ. ಎರಡು ಸೈಟು, ಒಂದು ಫ್ಲಾಟು, ಬ್ಯಾಂಕಿನ ಠೇವಣಿಗಳು ಎಲ್ಲವೂ ಟ್ರಸ್ಟಿನ ಹೆಸರಿಗೆ ಹೋದರೆ 'ಎದುರಾಳಿಯ ಆಸ್ತಿ' ಎಂಬ ಪಟ್ಟಿ ಖಾಲಿಯಾಗುತ್ತದೆ. ಋಣಭಾರ ಹೊರಿಸಲು ಗೋಡೆಯೂ ಇಲ್ಲ, ನೆಲವೂ ಇಲ್ಲ. 2020ರ ನವೆಂಬರಿನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವನಾಂಶದ ದಾವೆಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು ವಿಧಿಸಿತು. ಬಹಳ ಒಳ್ಳೆಯ ತೀರ್ಪು. ಆದರೆ "ಟ್ರಸ್ಟಿನದು ನನ್ನದಲ್ಲ" ಎಂದುಕೊಂಡವನು ಅದನ್ನು ಪಟ್ಟಿಯಿಂದ ಬಿಟ್ಟರೆ, ಅಗೆದು ತೆಗೆಯಬೇಕಾದ ಹೊರೆ ಮತ್ತೆ ಹೆಂಡತಿಯ ತಲೆಯ ಮೇಲೇ ಬೀಳುತ್ತದೆ.

ಇದು ಬರಿಯ ಕಲ್ಪನೆಯಲ್ಲವೆಂದು ಹೇಳಲು ಒಂದು ಘಟನೆಯನ್ನು ತಿಳಿಸಬೇಕು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟೈಪು ಮಾಡಿಸಿದ ಪತ್ರವೊಂದನ್ನು ಹಿಡಿದು ಬಂದ. "ಸಾರ್, ಕುಟುಂಬಕ್ಕೆ ಒಂದು ಟ್ರಸ್ಟು ಮಾಡುತ್ತಿದ್ದೇನೆ. ನೀವೂ ಒಬ್ಬ ಟ್ರಸ್ಟಿ ಆಗಬೇಕು. ನಿಮ್ಮ ಹೆಸರಿದ್ದರೆ ಅದಕ್ಕೊಂದು ಗೌರವ" ಎಂದ. ಪತ್ರವನ್ನು ಓದಿದೆ. ಆಸ್ತಿಗಳ ಪಟ್ಟಿಯಲ್ಲಿ ಅವನು ವಾಸವಾಗಿದ್ದ ಫ್ಲಾಟೂ ಇತ್ತು. ಮುಖ್ಯ ಟ್ರಸ್ಟಿ ಅವನೇ. ಉಳಿದವರನ್ನು ಬೇಕಾದಾಗ ತೆಗೆಯುವ ಅಧಿಕಾರ ಅವನದೇ. ಫಲಾನುಭವಿಗಳು ಅವನ ತಂದೆತಾಯಿ, ಅವನು, ಮತ್ತು "ಮುಖ್ಯ ಟ್ರಸ್ಟಿಯು ಕಾಲಕಾಲಕ್ಕೆ ಸೂಚಿಸುವ ಕುಟುಂಬದ ಇತರರು". ಹೆಂಡತಿಯ ಹೆಸರಾಗಲಿ ಇಬ್ಬರು ಮಕ್ಕಳ ಹೆಸರಾಗಲಿ ಎಲ್ಲಿಯೂ ಇರಲಿಲ್ಲ.

"ಅಲ್ಲಪ್ಪಾ, ಇದು ಅವಳಿಗೆ ಗೊತ್ತೇ?" ಎಂದು ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಸರಿಹೋಗುತ್ತಿಲ್ಲ ಸಾರ್. ವಕೀಲರು ಈಗಲೇ ಮಾಡಿಬಿಡಿ ಅಂದರು" ಎಂದ. ಆಕೆಯೂ ಉದ್ಯೋಗದಲ್ಲಿದ್ದವಳು. ಫ್ಲಾಟಿನ ಸಾಲದ ಕಂತು ಅವನ ಖಾತೆಯಿಂದ ಹೋಗುತ್ತಿತ್ತು. ಮನೆಯ ದಿನಸಿ, ಮಕ್ಕಳ ಶಾಲೆಯ ಫೀಸು, ಅತ್ತೆಯ ಔಷಧಿಗಳ ಖರ್ಚು ಆಕೆಯ ಸಂಬಳದಿಂದ. ಹನ್ನೆರಡು ವರ್ಷ ಹೀಗೆ ನಡೆದಿತ್ತು. ಕಂತಿಗೆ ಬ್ಯಾಂಕಿನ ರಸೀದಿ ಇದೆ, ಆದುದರಿಂದ ಫ್ಲಾಟು ಅವನದು. ದಿನಸಿಗೆ ಯಾರು ರಸೀದಿ ಇಟ್ಟಾರು? ನಾನು ಪತ್ರವನ್ನು ಮಡಿಸಿ ಅವನ ಕೈಗೆ ಕೊಟ್ಟು ಹೇಳಿದೆ: "ನೀನು ಬೇರೆಯಾಗುವುದು ಬಿಡುವುದು ನಿಮ್ಮಿಬ್ಬರಿಗೆ ಬಿಟ್ಟದ್ದು. ಆದರೆ ಇದರಲ್ಲಿ ನನ್ನ ಹೆಸರು ಬೇಡ. ಇದಕ್ಕೆ ಟ್ರಸ್ಟು ಎಂಬ ಹೆಸರೂ ಸಲ್ಲುವುದಿಲ್ಲ." ಆತ ಮುಖ ಸಣ್ಣದು ಮಾಡಿಕೊಂಡು ಹೋದ. ಮುಂದೇನಾಯಿತೆಂದು ನಾನು ಕೆದಕಿ ಕೇಳಲಿಲ್ಲ.

ನಾನು ಹಾಗೆ ಹೇಳಿದ್ದಕ್ಕೆ ಕಾಯಿದೆಯ ಆಧಾರವೂ ಇದೆ. ಟ್ರಸ್ಟುಗಳ ಕಾಯಿದೆಯ 4ನೆಯ ಕಲಮಿನ ಪ್ರಕಾರ ಟ್ರಸ್ಟಿನ ಉದ್ದೇಶ ನ್ಯಾಯಬದ್ಧವಾಗಿರಬೇಕು. ಬೇರೊಂದು ಕಾನೂನನ್ನು ವಿಫಲಗೊಳಿಸುವ, ವಂಚನೆಯಿಂದ ಕೂಡಿದ, ಇನ್ನೊಬ್ಬರ ದೇಹಕ್ಕೋ ಸ್ವತ್ತಿಗೋ ಹಾನಿ ತರುವ ಉದ್ದೇಶಕ್ಕೆ ಮಾಡಿದ ಟ್ರಸ್ಟು ಶೂನ್ಯ. ಸ್ವತ್ತು ವರ್ಗಾವಣೆ ಕಾಯಿದೆಯ 39ನೆಯ ಕಲಮು ಇನ್ನೂ ಸ್ಪಷ್ಟ. ಸ್ಥಿರಾಸ್ತಿಯ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕು ಯಾರಿಗಾದರೂ ಇದ್ದು, ಆ ಆಸ್ತಿಯನ್ನು ಬೆಲೆಯಿಲ್ಲದೆ ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ, ಪಡೆದವನ ಮೇಲೂ ಆ ಹಕ್ಕನ್ನು ಚಲಾಯಿಸಬಹುದು. ಅಂದರೆ ಆಯುಧಗಳು ನಮ್ಮ ಕಾನೂನಿನ ಮನೆಯಲ್ಲೇ ಇವೆ. ಬೇರೆ ಬೇರೆ ಕೋಣೆಗಳಲ್ಲಿ ಬಿದ್ದಿವೆ, ಅಷ್ಟೆ. ಸಂಸಾರ ಮುರಿದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಹೆಣ್ಣುಮಗಳೊಬ್ಬಳು ಅವನ್ನೆಲ್ಲ ಹುಡುಕಿ ಒಟ್ಟುಗೂಡಿಸಿಕೊಳ್ಳಬೇಕು.

ನಿಮ್ಮಲ್ಲಿ ಅನೇಕರು ಇಂಗ್ಲೆಂಡು, ಅಮೆರಿಕಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದೀರಿ. ಆ ದೇಶಗಳ ನ್ಯಾಯಾಲಯಗಳು ಇದೇ ಪ್ರಶ್ನೆಯನ್ನು ಹೇಗೆ ಬಿಡಿಸಿವೆ ಎಂಬುದನ್ನು ತಿಳಿಯುವುದು ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು. ಇಂಗ್ಲೆಂಡಿನ ನ್ಯಾಯಾಲಯಕ್ಕೆ ಮದುವೆಯ ನಿಮಿತ್ತ ಮಾಡಿದ ಟ್ರಸ್ಟುಗಳನ್ನು ವಿಚ್ಛೇದನದ ಕಾಲದಲ್ಲಿ ಬದಲಿಸುವ ಅಧಿಕಾರ 1859ರಿಂದಲೇ ಇದೆ. 1973ರ ಕಾಯಿದೆಯಲ್ಲಿಯೂ ಅದು ಮುಂದುವರಿದಿದೆ. ಬೇರೆ ಬಗೆಯ ಟ್ರಸ್ಟುಗಳ ವಿಚಾರದಲ್ಲಿ ಅಲ್ಲಿಯವರು ಕೇಳುವ ಪ್ರಶ್ನೆ ಬಹಳ ಸರಳವಾದುದು: ಗಂಡ ನಾಳೆ ಹೋಗಿ ಟ್ರಸ್ಟಿಗಳನ್ನು ಹಣ ಕೇಳಿದರೆ ಅವರು ಕೊಡುವ ಸಂಭವವಿದೆಯೇ? ವಿಮಾ ವ್ಯವಹಾರದಲ್ಲಿ ಅಪಾರ ಹಣ ಗಳಿಸಿದ ಜಾನ್ ಚಾರ್ಮನ್ ಎಂಬಾತನ ಪ್ರಕರಣದಲ್ಲಿ ಒಟ್ಟು ಸುಮಾರು 13 ಕೋಟಿ 10 ಲಕ್ಷ ಪೌಂಡುಗಳ ಆಸ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಬರ್ಮುಡಾದ 'ಡ್ರ್ಯಾಗನ್' ಎಂಬ ಟ್ರಸ್ಟಿನಲ್ಲಿತ್ತು. ಅದು ಮುಂದಿನ ಪೀಳಿಗೆಗೆಂದು ಇಟ್ಟದ್ದು ಎಂದು ಆತ ವಾದಿಸಿದ. ನ್ಯಾಯಾಲಯ ಒಪ್ಪಲಿಲ್ಲ. ಹೆಂಡತಿಯ ಪಾಲಿಗೆ ಒಟ್ಟು 4 ಕೋಟಿ 80 ಲಕ್ಷ ಪೌಂಡು ದಕ್ಕುವಂತೆ ಮಾಡಿದ ಆದೇಶವನ್ನು 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು.

ಆಸ್ಟ್ರೇಲಿಯಾದ ಪ್ರಕರಣ ನನಗೆ ಇನ್ನೂ ಬೋಧಪ್ರದವೆನಿಸುತ್ತದೆ. ಮೆಲ್ಬರ್ನಿನ ಇಯಾನ್ ಸ್ಪ್ರೈ ಸಾಮಾನ್ಯ ವಕೀಲರಲ್ಲ. ಟ್ರಸ್ಟಿಗೆ ಮೂಲವಾದ ಸಮನ್ಯಾಯದ ಪರಿಹಾರಗಳ ಬಗ್ಗೆ ಪ್ರಮಾಣಗ್ರಂಥವನ್ನೇ ಬರೆದವರು. 1968ರಲ್ಲಿ ಟ್ರಸ್ಟು ಮಾಡಿದರು. 1983ರಲ್ಲಿ ಫಲಾನುಭವಿಗಳ ಪಟ್ಟಿಯಿಂದ ತಮ್ಮ ಹೆಸರನ್ನು ತೆಗೆದರು. 1998ರಲ್ಲಿ ತಾವಾಗಲಿ ಹೆಂಡತಿಯಾಗಲಿ ಬಂಡವಾಳವನ್ನು ಪಡೆಯದಂತೆ ಪತ್ರ ತಿದ್ದಿದರು. ಸಂಸಾರ ಮುರಿದ ಮೇಲೆ, 2002ರಲ್ಲಿ, ಆಸ್ತಿಯನ್ನು ನಾಲ್ವರು ಹೆಣ್ಣುಮಕ್ಕಳ ಹೆಸರಿನ ನಾಲ್ಕು ಟ್ರಸ್ಟುಗಳಿಗೆ ಹಂಚಿಬಿಟ್ಟರು. 2008ರ ಡಿಸೆಂಬರಿನಲ್ಲಿ ಅಲ್ಲಿನ ಹೈಕೋರ್ಟು, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಬಹುಮತದ ತೀರ್ಪಿನಲ್ಲಿ ಆ ಆಸ್ತಿಯನ್ನು ದಂಪತಿಗಳ ಆಸ್ತಿಯೆಂದೇ ಎಣಿಸಬಹುದೆಂದು ಹೇಳಿತು. ಟ್ರಸ್ಟಿಯಾಗಿ ಅವರಿಗಿದ್ದ ಅಧಿಕಾರ ಮತ್ತು ಫಲಾನುಭವಿಯಾಗಿ ಆಕೆಗಿದ್ದ ಹಕ್ಕು ಎರಡನ್ನೂ ಕೂಡಿಸಿ ನೋಡಿತು. ನ್ಯೂಜಿಲೆಂಡಿನ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಕ್ಲೇಟನ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಟ್ರಸ್ಟಿನ ಆಸ್ತಿಯನ್ನೆಲ್ಲ ಯಾರನ್ನೂ ಕೇಳದೆ ತನಗೇ ಕೊಟ್ಟುಕೊಳ್ಳುವ ಅಧಿಕಾರ ಗಂಡನಿಗಿರುವಾಗ, ಆ ಅಧಿಕಾರವೇ ಒಂದು ಆಸ್ತಿ. ಅದರ ಬೆಲೆ ಟ್ರಸ್ಟಿನ ಬೆಲೆಯಷ್ಟೇ ಎಂದಿತು.

ಹಾಗೆಂದು ಎಲ್ಲ ಟ್ರಸ್ಟುಗಳನ್ನೂ ಒಡೆದು ಹಂಚಿಲ್ಲ, ಹಂಚಲೂಬಾರದು. ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಒಬ್ಬ ತಂದೆ 2004ರಲ್ಲಿ ಮಕ್ಕಳು ಮೊಮ್ಮಕ್ಕಳಿಗಾಗಿ ಟ್ರಸ್ಟು ಮಾಡಿದ್ದ. ಬದುಕಿದ್ದ ಫಲಾನುಭವಿಗಳೇ ಹನ್ನೊಂದು ಮಂದಿ. ಇನ್ನು ಹುಟ್ಟಬೇಕಾದವರಿಗೂ ಹಕ್ಕಿತ್ತು. ಮಗನ ವಿಚ್ಛೇದನದಲ್ಲಿ ಅವನ 'ಪಾಲು' ಇಷ್ಟೆಂದು ಎಣಿಸಿ ಹೆಂಡತಿಗೆ ಕೊಡಲಾಗದೆಂದು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2016ರಲ್ಲಿ ತೀರ್ಪಿತ್ತಿತು. ಆ ಹಣ ಮಗನ ಹತೋಟಿಯಲ್ಲಿರಲಿಲ್ಲವೆಂಬುದು ತೀರ್ಪಿನ ತಿರುಳು. ಆದರೆ ವಿಚ್ಛೇದನದ ಹೊಸ್ತಿಲಲ್ಲೇ ಮಗನಿಗೆ ಬರುತ್ತಿದ್ದ ಹಣ ಥಟ್ಟನೆ ನಿಂತಿತ್ತೆಂಬುದನ್ನು ಓದಿದಾಗ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಇಂಗ್ಲೆಂಡಿನಲ್ಲಿಯೂ 2025ರ ಜುಲೈನಲ್ಲಿ ಸ್ಟ್ಯಾಂಡಿಶ್ ದಂಪತಿಗಳ ಪ್ರಕರಣದಲ್ಲಿ ಹೆಂಡತಿಗೆ ವಿರುದ್ಧವಾಗಿ ತೀರ್ಪಾಯಿತು. ಗಂಡ 2017ರಲ್ಲಿ ಸುಮಾರು 7 ಕೋಟಿ 78 ಲಕ್ಷ ಪೌಂಡುಗಳ ಆಸ್ತಿಯನ್ನು ಹೆಂಡತಿಯ ಹೆಸರಿಗೆ ವರ್ಗಾಯಿಸಿದ್ದ. ಆಕೆ ಅದನ್ನು ಮಕ್ಕಳ ಟ್ರಸ್ಟಿಗೆ ಹಾಕಬೇಕೆಂಬುದು ಏರ್ಪಾಟು. ಟ್ರಸ್ಟು ಆಗಲೇ ಇಲ್ಲ, ಸಂಸಾರ ಮುರಿಯಿತು. ತೆರಿಗೆ ಉಳಿಸಲೆಂದು, ಮಕ್ಕಳಿಗೆಂದು ಮಾಡಿದ ವರ್ಗಾವಣೆಯಿಂದ, ಗಂಡ ಬಹುಮಟ್ಟಿಗೆ ಮದುವೆಗೆ ಮುಂಚೆಯೇ ಗಳಿಸಿದ್ದ ಆಸ್ತಿ ದಾಂಪತ್ಯದ ಆಸ್ತಿಯಾಗಿ ಮಾರ್ಪಡಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಯಾರ ಹೆಸರಿನಲ್ಲಿದೆ ಎಂಬುದಕ್ಕಿಂತ ಯಾವಾಗ ಗಳಿಸಿದ್ದು, ಯಾವ ಉದ್ದೇಶಕ್ಕೆ ಇಟ್ಟದ್ದು, ಇಬ್ಬರೂ ಅದನ್ನು ತಮ್ಮದೆಂದು ಬಾಳಿನಲ್ಲಿ ಬಳಸಿದರೇ ಎಂಬುದು ಮುಖ್ಯ. ನನಗೆ ಈ ಮಾತು ಸರಿಯೆನಿಸುತ್ತದೆ. ಹೆಸರನ್ನು ದಾಟಿ ಒಳಗೆ ನೋಡುವ ನ್ಯಾಯ ಗಂಡನಿಗೂ ಹೆಂಡತಿಗೂ ಒಂದೇ ಅಳತೆಯಾಗಿರಬೇಕಷ್ಟೆ.

ಈ ತೀರ್ಪುಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ ಮೂರು ಪ್ರಶ್ನೆಗಳು ಉಳಿಯುತ್ತವೆ. ಆಸ್ತಿ ಎಲ್ಲಿಂದ ಬಂತು? ಹಿರಿಯರಿಂದಲೋ, ಇಬ್ಬರ ದುಡಿಮೆಯಿಂದಲೋ? ಟ್ರಸ್ಟು ಯಾವಾಗ ಆಯಿತು? ಮದುವೆಗೆ ಹತ್ತು ವರ್ಷ ಮೊದಲೋ, ವಕೀಲರ ನೋಟೀಸಿಗೆ ಹತ್ತು ದಿನ ಮೊದಲೋ? ಹಿಡಿತ ಯಾರದು? ಅಡಿಕೆ ತೋಟದ ಆ ಯಜಮಾನನ ಟ್ರಸ್ಟು ಈ ಮೂರು ಪರೀಕ್ಷೆಗಳಲ್ಲೂ ತೇರ್ಗಡೆಯಾಗುತ್ತದೆ. ಅವನ ಇನ್ನೊಬ್ಬ ಮಗನ ಸಂಸಾರ ಮುರಿದರೂ ಬುದ್ಧಿಮಾಂದ್ಯ ಮಗನ ಅನ್ನಕ್ಕೆ ಯಾರೂ ಕೈಹಾಕಬಾರದು. ಮಗಳ ಹೆಸರಿನಲ್ಲಿ ತಂದೆ ಇಟ್ಟ ಹಣಕ್ಕೂ ಇದೇ ಮಾತು. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಜೀವವಿಮೆ ಮಾಡಿಸುವಾಗ 1874ರ ವಿವಾಹಿತ ಸ್ತ್ರೀಯರ ಸ್ವತ್ತು ಕಾಯಿದೆಯಡಿ ಹೆಂಡತಿ ಮಕ್ಕಳ ಹೆಸರು ಬರೆಸಿದ್ದರು. ಅದೂ ಒಂದು ಪುಟ್ಟ ಟ್ರಸ್ಟೇ. ಆ ಹಣದ ಮೇಲೆ ಗಂಡನ ಹತೋಟಿ ಇರುವುದಿಲ್ಲ. ಅವನ ಸಾಲಗಾರರೂ ಅದನ್ನು ಮುಟ್ಟುವಂತಿಲ್ಲ. ತಿಂಗಳ ಸಂಬಳದ ಮೇಷ್ಟರೂ ಮಾಡಬಹುದಾದ, ನಿಜವಾದ ಅರ್ಥದ ಕುಟುಂಬ ಟ್ರಸ್ಟು ಅದು. ಇಂಜಿನಿಯರ್ ತಂದ ಪತ್ರವಾದರೋ ಮೂರರಲ್ಲೂ ನಪಾಸು.

ಕಾನೂನಿನಲ್ಲಿ ಏನಾಗಬೇಕು? ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯೊಂದು 2010ರಲ್ಲಿ ಮಂಡನೆಯಾಗಿ 2013ರ ಆಗಸ್ಟಿನಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆಯಿತು. ದಾಂಪತ್ಯ ಸರಿಪಡಿಸಲಾರದಷ್ಟು ಮುರಿದಾಗ ವಿಚ್ಛೇದನ ಕೊಡುವುದರ ಜೊತೆಗೆ, ಗಂಡನ ಆಸ್ತಿಯಲ್ಲಿ ಹೆಂಡತಿಗೆ ನ್ಯಾಯವಾದ ಪಾಲು ಕೊಡಿಸುವ ಮಾತೂ ಅದರಲ್ಲಿತ್ತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಅಂಥದೊಂದು ಮತ್ತೆ ಬರಬೇಕು. ಮದುವೆಯ ಕಾಲದಲ್ಲಿ ಇಬ್ಬರ ದುಡಿಮೆಯಿಂದ, ಮನೆಗೆಲಸವೂ ದುಡಿಮೆಯೆಂದು ಎಣಿಸಿ, ಬೆಳೆದ ಆಸ್ತಿಗೆ ಇಬ್ಬರೂ ಹಕ್ಕುದಾರರೆಂದು ಅದು ಸಾರಬೇಕು. ಟ್ರಸ್ಟುಗಳ ಮಾತಿಗೆ ವಿದೇಶದ ಮಾದರಿಯನ್ನು ಹುಡುಕಬೇಕಾಗಿಯೂ ಇಲ್ಲ. ನಮ್ಮ ಕ್ರೈಸ್ತ ಬಂಧುಗಳಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯ 40ನೆಯ ಕಲಮು, ಮದುವೆಗೆ ಮುನ್ನ ಅಥವಾ ಆಮೇಲೆ ದಂಪತಿಗಳಿಗಾಗಿ ಮಾಡಿದ ಆಸ್ತಿ ಏರ್ಪಾಟುಗಳನ್ನು ವಿಚಾರಿಸಿ ಬದಲಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. ಮಕ್ಕಳ ಹಿತಕ್ಕೆ ಧಕ್ಕೆ ತಂದು ತಂದೆತಾಯಿಯರಿಗೆ ಲಾಭ ಮಾಡಿಕೊಡಬಾರದೆಂಬ ಕಟ್ಟಳೆಯೂ ಅದರಲ್ಲಿದೆ. ಒಂದೂವರೆ ಶತಮಾನಕ್ಕೂ ಹಿಂದೆ ಬರೆದ ಈ ವಿವೇಕವನ್ನು ಹಿಂದೂ ವಿವಾಹ ಕಾಯಿದೆಗೂ ವಿಶೇಷ ವಿವಾಹ ಕಾಯಿದೆಗೂ ವಿಸ್ತರಿಸಲು ಅಡ್ಡಿ ಏನು? ಆಸ್ತಿಯ ಪ್ರಮಾಣಪತ್ರದಲ್ಲಿ "ನೀವು ಮಾಡಿದ, ಟ್ರಸ್ಟಿಯಾಗಿರುವ, ಫಲಾನುಭವಿಯಾಗಿರುವ ಟ್ರಸ್ಟುಗಳು ಯಾವುವು?" ಎಂದು ನೇರವಾಗಿ ಕೇಳುವುದು ತೀರ ಸುಲಭದ ಸುಧಾರಣೆ.

"ದುರಾಸೆಯ ಸೊಸೆಯಂದಿರೂ ಇಲ್ಲವೇ ಸಾರ್?" ಎಂದು ನಿಮ್ಮಲ್ಲಿ ಕೆಲವರು ಕೇಳುವುದು ನನಗೆ ಕೇಳಿಸುತ್ತಿದೆ. ಇದ್ದಾರೆ. ದುರಾಸೆಯ ಅಳಿಯಂದಿರೂ ಇದ್ದಾರೆ. ಅಂಥವರಿಂದ ಪಿತ್ರಾರ್ಜಿತವನ್ನು ಕಾಪಾಡಿಕೊಳ್ಳಬೇಕೆನ್ನುವುದು ತಪ್ಪಲ್ಲ. ಹಾಗೆ ಮಾಡುವವರು ಬೆಳಕಿನಲ್ಲಿ ಮಾಡಲಿ. ಮದುವೆಯ ಮಾತುಕತೆಯಲ್ಲಿ ಊಟದ ಎಲೆಗಳ ಲೆಕ್ಕ ಹಾಕುವವರು, "ಊರಿನ ತೋಟ ಹಿರಿಯರದು, ಟ್ರಸ್ಟಿನಲ್ಲಿದೆ; ಇವರಿಬ್ಬರು ದುಡಿದದ್ದು ಇವರಿಬ್ಬರದು" ಎಂದು ಎರಡು ಮಾತು ಹೇಳಲು ಏಕೆ ಅಂಜಬೇಕು? ಟ್ರಸ್ಟಿಯಾಗಲು ಯಾರಾದರೂ ಕರೆದರೆ, ಗೌರವಕ್ಕೆ ಮನಸೋತು ಸಹಿ ಹಾಕುವ ಮುನ್ನ ಪತ್ರವನ್ನು ಪೂರ್ತಿ ಓದಿ. ಯಾರ ಹೆಸರು ಅದರಲ್ಲಿಲ್ಲವೆಂಬುದನ್ನೂ ನೋಡಿ. ನನ್ನ ವಿದ್ಯಾರ್ಥಿನಿಯರಿಗೆ ಬೇರೆಯಾಗಿ ಒಂದು ಮಾತು: ಮನೆ ಕೊಳ್ಳುವಾಗ ಇಬ್ಬರ ಹೆಸರೂ ಕ್ರಯಪತ್ರದಲ್ಲಿರಲಿ, ಕಂತಿನ ಒಂದು ಭಾಗ ನಿಮ್ಮ ಖಾತೆಯಿಂದಲೂ ಹೋಗಲಿ. ದಿನಸಿಯ ಚೀಟಿಗಳನ್ನು ನ್ಯಾಯಾಲಯ ಲೆಕ್ಕಕ್ಕೆ ಹಿಡಿಯುವ ಕಾಲ ಇನ್ನೂ ಬಂದಿಲ್ಲ.

ನಿಮ್ಮಲ್ಲಿ ವಕೀಲರಾಗಿರುವವರು ಐದಾರು ಮಂದಿಯಾದರೂ ಇದ್ದೀರಿ. ಕುಟುಂಬ ನ್ಯಾಯಾಲಯಗಳ ಅನುಭವ ನನಗಿಂತ ನಿಮಗೆ ಹೆಚ್ಚು. ಅಲ್ಲಿ ಇಂಥ ಟ್ರಸ್ಟುಗಳು ಎದುರಾದಾಗ ಏನಾಗುತ್ತಿದೆ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ. ಎಲ್ಲರಿಗೂ ಉಪಯೋಗವಾಗುತ್ತದೆ.